ಎರಡು ಹಂತದ ಇಂಡಕ್ಷನ್ ಹಾರ್ಡನಿಂಗ್: ಪೇಟೆಂಟ್ ತಿರಸ್ಕಾರವಾದರೆ?

ಪ್ರಶ್ನೆ: ಕೀವೇ (ಕೀಲಿ ಕೂರಿಸುವ ತೋಡು) ಇರುವ ಸ್ಟೀಲ್ ಶಾಫ್ಟನ್ನು ಇಂಡಕ್ಷನ್‌ನಿಂದ, ಅಂದರೆ ಸುತ್ತಲಿನ ಕಾಯಿಲ್ ಮೂಲಕ ಉಕ್ಕಿನಲ್ಲೇ ಕರೆಂಟ್ ಹುಟ್ಟಿಸಿ, 3 ಕಿಲೋಹರ್ಟ್ಸ್‌ನಲ್ಲಿ ಕಾಯಿಸಿ, ಕೆಲವು ಸೆಕೆಂಡ್ ಪವರ್ ನಿಲ್ಲಿಸಿ, ಆಮೇಲೆ 100 ಕಿಲೋಹರ್ಟ್ಸ್‌ನಲ್ಲಿ ಕಾಯಿಸಿ ಕ್ವೆಂಚ್ ಮಾಡುವ (ತಟ್ಟನೆ ತಣಿಸಿ ಗಡಸುಗೊಳಿಸುವ) ವಿಧಾನಕ್ಕೆ ಪೇಟೆಂಟ್ ಕೇಳಿದ್ದೆವು. ಪೇಟೆಂಟ್ ಕಚೇರಿಯ ಅಧಿಕಾರಿಯಾದ ಕಂಟ್ರೋಲರ್ ಎರಡು ಹಳೆಯ ದಾಖಲೆಗಳನ್ನು ಜೋಡಿಸಿ, ‘ಇದು ಯಾರಿಗಾದರೂ ಹೊಳೆಯುವಂಥದ್ದು’ ಎಂದು ತಿರಸ್ಕರಿಸಿದ್ದಾರೆ. ಪೂರ್ತಿ ವಿಧಾನ ಯಾವ ಒಂದು ದಾಖಲೆಯಲ್ಲೂ ಇಲ್ಲ. ಮೇಲ್ಮನವಿಗೆ ಇಷ್ಟು ಸಾಕೆ?

ಉತ್ತರ: ಸಾಲದು. ಅದರಿಂದ ವಿಧಾನ ಹೊಸದು ಎಂದಷ್ಟೇ ಸಾಬೀತಾಗುತ್ತದೆ. ಈ ಕೆಲಸ ಬಲ್ಲವರಿಗೆ ಅದು ಸಹಜವಾಗಿ ಹೊಳೆಯುತ್ತಿತ್ತೇ ಎಂಬುದು ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ)ಯ ಪ್ರಶ್ನೆ. ಅಲ್ಲಿ ದಾಖಲೆಗಳನ್ನು ಜೋಡಿಸಿ ಓದಬಹುದು.

ಫ್ರೀಕ್ವೆನ್ಸಿ ಇಳಿದಷ್ಟೂ ಕರೆಂಟ್ ಆಳಕ್ಕೆ ಹೋಗುತ್ತದೆ ಎಂಬುದು ಹಳೆಯ ತಿಳಿವಳಿಕೆ. ಕ್ಯೂರಿ ಬಿಂದು (ಉಕ್ಕು ಕಾಂತಗುಣ ಕಳೆದುಕೊಳ್ಳುವ ಉಷ್ಣಾಂಶ) ದಾಟಿ ಕಾದ ಉಕ್ಕಿನಲ್ಲಿ ಆ ಆಳ 3 ಕಿಲೋಹರ್ಟ್ಸ್‌ಗೆ ಸುಮಾರು 9 ಮಿ.ಮೀ., 100ಕ್ಕೆ ಸುಮಾರು 1.6 ಮಿ.ಮೀ. ‘ಮೊದಲು ಒಳಗೆ, ಆಮೇಲೆ ಮೇಲ್ಮೈ’ ಎಂಬ ಕ್ರಮವನ್ನೇ ನೆಚ್ಚಿಕೊಂಡರೆ ಗೆಲ್ಲುವುದು ಕಷ್ಟ. ಪಾತ್ರೆಗಳನ್ನು ಲೇತ್‌ಗೆ ಹಿಡಿಸುವ ವಿಧಾನದ ಪೇಟೆಂಟ್ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ (ಸುಪ್ರೀಂ ಕೋರ್ಟ್, 1978) ಬಿದ್ದುಹೋದದ್ದು ವರ್ಕ್‌ಶಾಪ್‌ನ ಮಾಮೂಲಿ ಸುಧಾರಣೆ ಎಂಬ ಕಾರಣಕ್ಕೆ.

ನಿಮ್ಮ ಬಲವೇನಿದ್ದರೂ ನಡುವಿನ ಆ ವಿರಾಮದಲ್ಲಿದೆ. ಕೀವೇ ಅಂಚಿನಲ್ಲಿ ಕರೆಂಟ್ ಗುಂಪುಗೂಡಿ ಅಂಚು ಅತಿಯಾಗಿ ಕಾಯುತ್ತದೆ, ಕ್ವೆಂಚ್‌ನಲ್ಲಿ ಅಲ್ಲೇ ಬಿರುಕು ಬಿಡುತ್ತದೆ. ಆದರೆ ವಿರಾಮ ಕೊಟ್ಟು ಆ ಬಿಸಿ ಹರಡಲು ಬಿಡುವುದೂ ಗೊತ್ತಿರುವ ಉಪಾಯವೇ. ಹಾಗಾಗಿ ನೀವು ಹೇಳಿದ ಸೆಕೆಂಡುಗಳ ಮಿತಿಯೊಳಗೆ ಮಾತ್ರ ಬಿರುಕು ಯಾರೂ ನಿರೀಕ್ಷಿಸದಷ್ಟು ಇಳಿಯುತ್ತದೆ ಎಂದು ತೋರಿಸಬೇಕು. ಅದೇ ಉಕ್ಕು, ಅದೇ ಕಾಯಿಲ್, ಅದೇ ಕ್ವೆಂಚ್ ಇಟ್ಟುಕೊಂಡು ವಿರಾಮವನ್ನಷ್ಟೇ ಬದಲಿಸಿ: ಶೂನ್ಯ, ಮಿತಿಗಿಂತ ಕಡಿಮೆ, ಮಿತಿಯೊಳಗೆ, ಮಿತಿ ಮೀರಿ. ಪ್ರತಿ ಸಲವೂ ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕದ) ಗಡಸುತನ, ಗಡಸು ಪದರದ ಆಳ, ಬಿರುಕು ಬಿಟ್ಟ ಶಾಫ್ಟ್‌ಗಳ ಸಂಖ್ಯೆ ಬರೆದಿಡಿ. ಹೋಲಿಕೆ ಕಂಟ್ರೋಲರ್ ತೋರಿಸಿದ, ನಿಮ್ಮ ವಿಧಾನಕ್ಕೆ ಅತಿ ಹತ್ತಿರದ ದಾಖಲೆಯೊಂದಿಗಿರಲಿ. ಕುಲುಮೆಯಲ್ಲಿ ಕಾಯಿಸಿದ ಶಾಫ್ಟ್ ಜೊತೆ ಹೋಲಿಸಿದ ಅಂಕಿಗಳಿಗೆ ಬೆಲೆಯಿಲ್ಲ.

ಕ್ಲೇಮ್‌ನಲ್ಲಿ (ಯಾವುದಕ್ಕೆ ಪೇಟೆಂಟ್ ಬೇಕೆಂದು ಹೇಳುವ ಭಾಗ) ವಿರಾಮ ‘ಸಾಕಷ್ಟು ಹೊತ್ತು’ ಎಂದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಸೆಕೆಂಡುಗಳ ಮಿತಿ ಅರ್ಜಿಯ ಮೂಲ ಸ್ಪೆಸಿಫಿಕೇಷನ್‌ನಲ್ಲಿ (ವಿಧಾನದ ಪೂರ್ತಿ ವಿವರಣೆ) ಇದ್ದರೆ ಕಲಂ 59ರಡಿ ಕ್ಲೇಮನ್ನು ಅಷ್ಟಕ್ಕೆ ಕಿರಿದಾಗಿಸಬಹುದು, ಇಲ್ಲದಿದ್ದರೆ ಈಗ ಸೇರಿಸಲು ಬರುವುದಿಲ್ಲ.

ಆದೇಶವನ್ನೂ ಸೂಕ್ಷ್ಮವಾಗಿ ಓದಿ. ಹಳೆಯ ದಾಖಲೆ ಏನು ಹೇಳುತ್ತದೆ, ನಿಮ್ಮದೇನು, ಮೊದಲಿನದರಿಂದ ಎರಡನೆಯದು ಹೇಗೆ ಹೊಳೆಯುತ್ತದೆ ಎಂಬ ಮೂರನ್ನೂ ಕಂಟ್ರೋಲರ್ ಚರ್ಚಿಸಲೇಬೇಕು ಎಂದು ಅಗ್ರಿಬೋರ್ಡ್ ಪ್ರಕರಣದಲ್ಲಿ (2022) ದೆಹಲಿ ಹೈಕೋರ್ಟ್ ಹೇಳಿದೆ. ಮೂರನೆಯದು ಆದೇಶದಲ್ಲಿ ಇಲ್ಲದಿದ್ದರೆ ಮೊದಲ ವಾದ ಅದೇ ಆಗಲಿ. ಆದರೆ ಅದರಿಂದ ಸಾಮಾನ್ಯವಾಗಿ ಸಿಗುವುದು ಮರುವಿಚಾರಣೆ, ಪೇಟೆಂಟ್ ಅಲ್ಲ.

ಕಲಂ 117ಎ ಪ್ರಕಾರ ಆದೇಶದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿ ಹಾಕಬೇಕು. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಅದು ಹೋಗುವುದು ಹೈಕೋರ್ಟ್‌ಗೆ. ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯದಾದರೆ ಮದ್ರಾಸ್ ಹೈಕೋರ್ಟ್‌ಗೆ.