ಗದ್ದೆ ಮೇಲೆ ಮಣ್ಣು ತುಂಬಿದ ಸೈಟು, ಎರಡು ಮಳೆಗಾಲ ಬಿಟ್ರೆ ಸಾಕಾ?

ಪ್ರಶ್ನೆ: ಸರ್, ದಾವಣಗೆರೆ ಹೊರಗೆ ಭದ್ರಾ ನಾಲೆ ಪಕ್ಕ ಸೈಟ್ ತಗೊಂಡಿದೀವಿ. ಎರೆಮಣ್ಣಿನ ಭತ್ತದ ಗದ್ದೆ ಇತ್ತು, ಲೇಔಟ್‌ನೋರು ಆರಡಿ ಮಣ್ಣು ತುಂಬಿಸಿದಾರೆ. ಎರಡು ಮಳೆಗಾಲ ಬಿಟ್ರೆ ತಾನೇ ಕೂರುತ್ತೆ ಅಂತಾರೆ ಮೇಸ್ತ್ರಿ. ಸಿಂಗಾಪುರದಲ್ಲಿರೋ ನಮ್ಮ ಅಳಿಯ ಹೇಳೋದು, ಅಲ್ಲಿ ಸಮುದ್ರ ತುಂಬಿಸಿದ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿ ಇಳಿಸಿ ನೀರು ತೆಗೀತಾರಂತೆ. ನಮಗೂ ಆಗುತ್ತಾ?

ಉತ್ತರ: ಅಳಿಯಂದಿರು ಹೇಳಿದ್ದು ನಿಜ, ಚಾಂಗಿ ಏರ್‌ಪೋರ್ಟ್ ಕಡೆ ಮಾಡಿದ್ದು ಅದನ್ನೇ. ಸಮುದ್ರದ ತಳದ ಜೇಡಿಮಣ್ಣಲ್ಲಿ ನೀರೇ ಜಾಸ್ತಿ, ಮೇಲೆ ಭಾರ ಬಿದ್ರೆ ಆ ನೀರು ಹೊರಗೆ ಬಂದ್ರೇನೇ ಮಣ್ಣು ಕೂರೋದು, ಆದ್ರೆ ಜೇಡಿಯಲ್ಲಿ ನೀರು ಹರಿಯೋದು ಬಹಳ ನಿಧಾನ, ಸುಮ್ನೆ ಬಿಟ್ರೆ ಹತ್ತಾರು ವರ್ಷ ಹಿಡಿಯುತ್ತೆ. ಅದಕ್ಕೆ 10 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನ ಒಂದು-ಒಂದೂವರೆ ಮೀಟರಿಗೊಂದರಂತೆ ಆಳಕ್ಕೆ ಇಳಿಸಿ ಮೇಲೆ ಮರಳು ಪೇರಿಸ್ತಾರೆ. ನೀರು ಹೋಗೋ ದಾರಿ ಅರ್ಧ ಆದ್ರೆ ಟೈಮ್ ಕಾಲುಭಾಗಕ್ಕೆ ಇಳಿಯುತ್ತೆ, ಇಡೀ ವಿದ್ಯೆ ಇರೋದೇ ಇಲ್ಲಿ. ಜಪಾನಿನ ಕನ್ಸಾಯ್ ಏರ್‌ಪೋರ್ಟಲ್ಲಿ ಮೇಲಿನ ಜೇಡಿಗೆ ಮರಳಿನ ಕಂಬ ಇಳಿಸಿದ್ರು, ಇನ್ನೂ ಆಳದ ಜೇಡಿಗೆ ಅವು ಮುಟ್ಲಿಲ್ಲ, 1994ರಲ್ಲಿ ಶುರುವಾದ ಆ ನಿಲ್ದಾಣದ ದ್ವೀಪ ಇವತ್ತಿಗೂ ಇಳೀತಾನೇ ಇದೆ.

ನಿಮ್ಮದು ಬೇರೆ ಕೇಸು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯೋ ಮಣ್ಣು, ಪಟ್ಟಿ ಇಳಿಸಿ ಒಂದ್ಸಲ ನೀರು ತೆಗೆದ್ರೂ ನಾಲೆಗೆ ನೀರು ಬಿಟ್ಟಾಗ ಮತ್ತೆ ಉಬ್ಬೋದೇ. ಆ ದುಡ್ಡು ದಂಡ.

ಮೊದ್ಲು ಮೇಲಿನ ಆರಡಿ ನೋಡಿ. ಒಂದಡಿಗಿಂತ ಕಮ್ಮಿ ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆದಿದ್ರೆ ಪರವಾಗಿಲ್ಲ. ಟಿಪ್ಪರಲ್ಲಿ ತಂದು ಸುರಿದು ಜೆಸಿಬಿಯಲ್ಲಿ ಎಳೆದಿದ್ರೆ ಒಳಗೆಲ್ಲ ಪೊಳ್ಳು, ಎರಡು ಮಳೆಗಾಲಕ್ಕೆ ಮೇಲ್ಮೇಲೆ ಗಟ್ಟಿ ಆದಂಗೆ ಕಾಣುತ್ತೆ ಅಷ್ಟೇ. ಹತ್ತಡಿ ಗುಂಡಿ ತೋಡಿಸಿ ಮೇಲೆ ನಿಂತೇ ನೋಡಿ, ಒಳಗೆ ಯಾರನ್ನೂ ಇಳಿಸ್ಬೇಡಿ, ಇಂಥ ಮಣ್ಣು ಗಕ್ಕನೆ ಕುಸಿಯುತ್ತೆ. ಇಟ್ಟಿಗೆ ಚೂರು, ಪ್ಲಾಸ್ಟಿಕ್, ಹಳೇ ಚೀಲ ಕಂಡ್ರೆ ಅದನ್ನೆಲ್ಲ ತೆಗೆಸಿ ಗರಸು ತುಂಬಿ ರೋಲರ್ ಹೊಡೆಸಿ.

ಪಾಯಕ್ಕೆ ಅಂಡರ್‌ರೀಮ್ಡ್ ಪೈಲ್ ಕೇಳಿ. ಎರೆಮಣ್ಣಿಗೇ ಅಂತ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯೋರು (ಸಿಬಿಆರ್‌ಐ) ಬೆಳೆಸಿದ ಪದ್ಧತಿ ಅದು, ನೆಲದೊಳಗೆ ಇಳಿಸೋ ಕಾಂಕ್ರೀಟ್ ಕಂಬದ ತಳ ಗಡ್ಡೆ ಥರ ದಪ್ಪ ಇರುತ್ತೆ. ತುಂಬಿದ ಮಣ್ಣು ಪೂರ್ತಿ ದಾಟಿ, ಕೆಳಗಿನ ಎರೆಯಲ್ಲೂ ತೇವ ಏರಿಳಿಯದ ಆಳದವರೆಗೆ ಹೋಗ್ಬೇಕು, ಆಳ ಎಷ್ಟು ಅನ್ನೋದನ್ನ ಮಣ್ಣು ಟೆಸ್ಟ್ ಮಾಡ್ಸಿದ್ಮೇಲೆ ಇಂಜಿನಿಯರ್ ಹೇಳ್ಲಿ, ಮೇಸ್ತ್ರಿ ಅಂದಾಜಿಗೆ ಬಿಡ್ಬೇಡಿ. ಮೇಲಿನ ಬೀಮಿಗೂ ಮಣ್ಣಿಗೂ ನಡುವೆ ಸುಮಾರು ಮೂರು ಇಂಚು ಗ್ಯಾಪ್ ಇರ್ಬೇಕು, ಮಣ್ಣು ಉಬ್ಬಿದ್ರೂ ಬೀಮನ್ನ ಎತ್ತಬಾರದು ಅಂತ. ಕೆಲಸದೋರು ಅದಕ್ಕೆ ಮಣ್ಣು ತುಂಬಿ ಮುಚ್ಚಿಬಿಡೋದುಂಟು, ಆ ದಿನ ನೀವೇ ಸೈಟಲ್ಲಿರಿ.