ಓಣಿ ಕೆಟ್ಟದ್ದು ಯಾರಿಂದ?

ಸೊಲ್ಲಾಪುರದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ನಮ್ಮೂರಿನ ಹಳೆಯ ಪೇಟೆಗಳ ಬಗ್ಗೆ ಬರೆಯುವಾಗ ಬಟ್ಟೆ ಗಿರಣಿ ನಿಂತದ್ದನ್ನು ಹೇಳಿದಿರಿ, ಹೊರಗಿನವರು ಬಂದು ತುಂಬಿಕೊಂಡದ್ದನ್ನು ಮುಚ್ಚಿಟ್ಟಿರಿ. ನಮ್ಮ ವಾಡೆಯಲ್ಲಿ ಕನ್ನಡದ ಮನೆಗಳು ಎರಡೇ ಉಳಿದಿವೆ. ಓಣಿ ಕೆಟ್ಟದ್ದು ಇವರಿಂದಲೇ ಅಲ್ಲವೇ?"

ಸಂಪಾದಕರ ಉತ್ತರ

ಮಾಸ್ತರರೇ, ನಿಮ್ಮ ಪತ್ರದ ಎರಡನೇ ಪುಟದಲ್ಲಿ ಉತ್ತರವನ್ನೂ ನೀವೇ ಬರೆದಿದ್ದೀರಿ. ಇಬ್ಬರು ಮಕ್ಕಳೂ ಪುಣೆಯಲ್ಲಿದ್ದಾರೆ, ಮಾಡಿಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೀರಿ. ಅಂದ ಮೇಲೆ ಬಂದವರು ಯಾರನ್ನೂ ಎಬ್ಬಿಸಿ ಕೂತವರಲ್ಲ, ಖಾಲಿಯಾದ ಕೋಣೆಗೆ ಬಂದವರು.

ಯಾವುದು ಮೊದಲು ಹೋಯಿತು ಎಂಬುದನ್ನು ನೋಡೋಣ. 1877ರಲ್ಲಿ ಶುರುವಾದ ಹಳೆ ಗಿರಣಿ 1960ರ ದಶಕದಲ್ಲಿ ಮುಚ್ಚಿತು. ಲಕ್ಷ್ಮಿ-ವಿಷ್ಣು ಗಿರಣಿಯ ಭೋಂಗಾ, ಅಂದರೆ ಪಾಳಿಗೆ ಕರೆಯುವ ಸೈರನ್ನು, 1990ರ ದಶಕದಲ್ಲಿ ನಿಂತಿತು. ಗಿರಣಿಯ ಪಗಾರ ಬಹಳವೇನೂ ಇರಲಿಲ್ಲ, ಆದರೆ ತಾರೀಖಿಗೆ ಸರಿಯಾಗಿ ಬರುತ್ತಿತ್ತು. ಆ ತಾರೀಖನ್ನು ನಂಬಿ ಕಿರಾಣಿಯವನು ಉದ್ರಿ ಕೊಡುತ್ತಿದ್ದ. ಅದರ ಜಾಗಕ್ಕೆ ಬಂದದ್ದು ಪವರ್ ಲೂಮಿನ ಕೂಲಿ, ಬೀಡಿಯ ಕೂಲಿ. ನೇಯ್ದಷ್ಟಕ್ಕೆ ಹಣ, ಸುತ್ತಿದಷ್ಟಕ್ಕೆ ಹಣ. ಕರೆಂಟು ಹೋದರೆ ಆ ದಿನ ಸೊನ್ನೆ. ಸಾವಿರ ಬೀಡಿ ಕಟ್ಟಿ ಒಯ್ದರೆ ಅದರಲ್ಲೂ ಒಂದಿಷ್ಟನ್ನು ಸರಿಯಿಲ್ಲವೆಂದು ತೆಗೆದಿಡುತ್ತಾರೆ.

ಆದಾಯ ಇಳಿದದ್ದಕ್ಕೆ ಅಂಕಿ ಕೊಡಿ ಎಂದೂ ಕೇಳಿದ್ದೀರಿ. ನಮ್ಮ ಜನಗಣತಿ ಮನೆಯ ಆದಾಯವನ್ನು ಕೇಳುವುದೇ ಇಲ್ಲ. 2011ರ ಗಣತಿಯಲ್ಲಿ ನಗರಕ್ಕೆ ಒಂಬತ್ತೂವರೆ ಲಕ್ಷ ಜನ ಎಂದು ಸಿಗುತ್ತದೆ. ನಿಮ್ಮ ಓಣಿಯ ಅಡುಗೆಮನೆಯ ಸ್ಥಿತಿ ಅದರಲ್ಲಿ ಸಿಗುವುದಿಲ್ಲ. ರೇಷನ್ ಕಾರ್ಡು ಇನ್ನೂ ವಿಚಿತ್ರ. ಮಹಾರಾಷ್ಟ್ರದ ಕೇಸರಿ ಕಾರ್ಡಿನ ಮಿತಿ ವರ್ಷಕ್ಕೆ 15,000ದಿಂದ ಒಂದು ಲಕ್ಷ ರೂಪಾಯಿ. ಕೊಳೆಯುವ ಬಡತನವೂ ಏಗುವ ಬಡತನವೂ ಅಲ್ಲಿ ಒಂದೇ ಬಣ್ಣ.

ನನಗೆ ಲೆಕ್ಕ ಸಿಕ್ಕಿದ್ದು ಬೇರೆ ಕಡೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಂದಾಗ ನಿಮ್ಮದರಂಥದೇ ಒಂದು ವಾಡೆಗೆ ಹೋಗಿದ್ದೆ. ಬಾಗಿಲು ದಾಟಿದ ಕೂಡಲೇ ಗೋಡೆಯ ಮೇಲೆ ಒಂಬತ್ತು ವಿದ್ಯುತ್ ಮೀಟರು. ಮೊದಲಿನದಕ್ಕೆ ಸಾಗುವಾನಿ ಪೆಟ್ಟಿಗೆ, ಉಳಿದವಕ್ಕೆ ಪ್ಲಾಸ್ಟಿಕ್. ಒಂದು ಕುಟುಂಬದ ಪಡಸಾಲೆಯನ್ನು ಹಳೆಯ ಸೀರೆ ಕಟ್ಟಿ ಮೂರು ಮಾಡಿದ್ದರು. ಜನ ಹೆಚ್ಚಿದ್ದರು, ಮನೆ ಸಣ್ಣದಾಗಿತ್ತು, ಸೂರು ಸೋರುತ್ತಿತ್ತು. ಯಾರು ರಿಪೇರಿ ಮಾಡಿಸುತ್ತಾರೆ? ಹಳೆಯ ಬಾಡಿಗೆದಾರರ ಬಾಡಿಗೆಯನ್ನು ಕಾನೂನು ಹೆಚ್ಚಿಸಲು ಬಿಡುವುದು ವರ್ಷಕ್ಕೆ ಶೇಕಡಾ 4. ಮಾಲೀಕನಿಗೆ ಅದು ಸುಣ್ಣಕ್ಕೂ ಸಾಲದು, ಬಾಡಿಗೆದಾರನಿಗೆ ಸ್ವಂತದ್ದಲ್ಲದ ಸೂರಿಗೆ ಹೆಂಚು ಹಾಕಿಸುವ ಮನಸ್ಸಿಲ್ಲ. ಹೀಗೆ ಇಬ್ಬರೂ ಕಾಯುತ್ತಾರೆ, ಗೋಡೆ ಮಾತ್ರ ಕಾಯುವುದಿಲ್ಲ.

"ಹೊರಗಿನವರು" ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ತೆಲುಗು ಪದ್ಮಶಾಲಿಗಳು ಮಗ್ಗದೊಂದಿಗೆ ಈ ಊರಿಗೆ ಬಂದದ್ದು ತಲೆಮಾರುಗಳ ಹಿಂದೆ. ಇಂಡಿ, ಅಕ್ಕಲಕೋಟೆಯ ಕಡೆಯಿಂದ ಬುತ್ತಿ ಕಟ್ಟಿಕೊಂಡು ಗಿರಣಿಗೆ ಬಂದ ನಮ್ಮವರೂ ಕಡಿಮೆಯಿಲ್ಲ. ವಚನಕಾರ ಸಿದ್ಧರಾಮನ ಊರಿನಲ್ಲಿ ಕನ್ನಡ ನೆಂಟರ ಭಾಷೆಯಲ್ಲ, ನಿಜ. ಆ ವಾದವನ್ನು ಬಾಡಿಗೆಯ ಜಗಳಕ್ಕೆ ಬೆರೆಸುವುದು ಬೇಡ. ಅಷ್ಟಕ್ಕೂ ನೀವು ದೂರುವವರೇ ಈಗ ಹೊರಡುತ್ತಿದ್ದಾರೆ. ಊರ ಹೊರಗಿನ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರಿಗಾಗಿ 2006ರಲ್ಲಿ ಹತ್ತು ಸಾವಿರ ಮನೆಗಳಾದವು, 2024ರಲ್ಲಿ ರೇ ನಗರದ ಹದಿನೈದು ಸಾವಿರ ಮನೆಗಳು ಸೇರಿದವು. ಓದಿದ ಹುಡುಗರು ಬೆಳಗಿನ ಹುತಾತ್ಮ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಹೋಗುತ್ತಾರೆ. ಸ್ವಾತಂತ್ರ್ಯ ಹೋರಾಟದಲ್ಲಿ 1931ರಲ್ಲಿ ನೇಣಿಗೇರಿದ ಮಲ್ಲಪ್ಪ ಧನಶೆಟ್ಟಿ ಮುಂತಾದ ನಾಲ್ವರು ಸೊಲ್ಲಾಪುರಿಗರ ಹೆಸರಿನ ರೈಲು ಅದು.

ಪತ್ರದಲ್ಲಿ ನೀವು ಬರೆದ ಗಟಾರದ ವಿಷಯದಲ್ಲಿ ನಿಮ್ಮ ಸಿಟ್ಟು ಪೂರ್ತಿ ಸರಿ, ಅದನ್ನು ಮುಂದಿನ ಸಂಚಿಕೆಯಲ್ಲಿ ಬೇರೆಯಾಗಿಯೇ ಅಚ್ಚು ಹಾಕುತ್ತೇವೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮೂಲೆಯ ಕಿರಾಣಿ ಅಂಗಡಿಯವರು ಉದ್ರಿ ಕೊಡುವುದನ್ನು ಯಾವ ವರ್ಷ ನಿಲ್ಲಿಸಿದರು ಎಂದು ಕೇಳಿ ಬರೆಯಿರಿ. ನಿಮ್ಮ ಮಾಡಿಗೆ ಮೊದಲ ಬಾಡಿಗೆದಾರ ಬಂದ ವರ್ಷವನ್ನೂ ಅದರ ಪಕ್ಕದಲ್ಲೇ ಬರೆಯಿರಿ.