ಆಪರೇಷನ್ ಸ್ಟೇಪ್ಲರ್‌ಗೆ ಮೋಟಾರ್ ಯಾಕೆ?

ಆಪರೇಷನ್‌ನಲ್ಲಿ ಅಂಗಾಂಶಕ್ಕೆ ಪಿನ್ ಹೊಡೆದು ಕತ್ತರಿಸುವ ಸ್ಟೇಪ್ಲರನ್ನು ಕೈಯಲ್ಲೇ ಒತ್ತಬಹುದಲ್ಲ, ಸುಮ್ನೆ ಮೋಟಾರ್ ಹಾಕಿ ಬೆಲೆ ಏರಿಸೋದು ಯಾಕೆ ಅಂತ ಕೇಳಿದ್ದೀರಿ. ಒತ್ತಬಹುದು. 1908ರಲ್ಲಿ ಬುಡಾಪೆಸ್ಟ್‌ನ ಸರ್ಜನ್ ಹ್ಯೂಮರ್ ಹುಲ್ಟ್ಲ್ ಬಳಸಿದ ಮೊದಲ ಸ್ಟೇಪ್ಲರೂ ಕೈಯದ್ದೇ. ಆದರೆ ಲ್ಯಾಪರೊಸ್ಕೋಪಿಯಲ್ಲಿ, ಅಂದ್ರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್ನಲ್ಲಿ, ಹಿಡಿಕೆ ಹೊರಗೆ, ಅಂಗಾಂಶ ಕಚ್ಚಿ ಹಿಡಿಯುವ ದವಡೆ ಹೊಟ್ಟೆಯೊಳಗೆ, ನಡುವೆ ಉದ್ದನೆಯ ಕೊಳವೆ. ಹಿಡಿಕೆಯನ್ನು ಬಿಗಿಯಾಗಿ ಹಿಸುಕಿದರೆ ಆ ತುದಿ ಅಲುಗುತ್ತದೆ, ಅದರ ಬಾಯಲ್ಲಿ ರಕ್ತನಾಳ ಇದ್ದರೆ ಏನಾಗಬಹುದು ಯೋಚಿಸಿ. ಮೋಟಾರ್ ಬಂದಿದ್ದು ಮುಖ್ಯವಾಗಿ ಈ ಅಲುಗಾಟ ತಪ್ಪಿಸೋಕೆ.

ನಾನು ಮೆಕ್ಯಾನಿಕಲ್ ಡಿಸೈನ್ ಕೆಲಸದವನು, ನನಗೆ ಮೋಟಾರ್ ಭಾಗ ಅಷ್ಟು ಕುತೂಹಲದ್ದಲ್ಲ. ಸಣ್ಣ ಡಿಸಿ ಮೋಟಾರ್, ಗೇರ್‌ಬಾಕ್ಸ್, ಆಮೇಲೆ ರ‍್ಯಾಕ್-ಪಿನಿಯನ್ ಅಥವಾ ಸ್ಕ್ರೂ (ತಿರುಗುವುದನ್ನು ನೇರ ಚಲನೆಯಾಗಿ ಬದಲಿಸೋಕೆ), ಅಷ್ಟೇ. ನಿಜವಾದ ಆಟ ಇರೋದು ದವಡೆಯೊಳಗೆ. ಹಲವು ಮಾಡೆಲ್‌ಗಳಲ್ಲಿ ಚಾಕು ಇರುವ ತುಂಡು ಐ-ಬೀಮ್ ಆಕಾರದಲ್ಲಿ, ಅಂದ್ರೆ ಇಂಗ್ಲಿಷಿನ ದೊಡ್ಡ ಐ ಅಕ್ಷರದ ಹಾಗೆ ಇರುತ್ತದೆ. ಅದರ ಮೇಲಿನ ಅಂಚು ಮೇಲ್ದವಡೆಯ ಸೀಳಿನಲ್ಲಿ, ಕೆಳಗಿನ ಅಂಚು ಕೆಳದವಡೆಯ ಸೀಳಿನಲ್ಲಿ ಜಾರುತ್ತಾ ಹೋಗುತ್ತದೆ, ಹಾಗಾಗಿ ಪಿನ್ ಮಡಚುವ ಜಾಗದಲ್ಲಿ ದವಡೆ ಬಾಯಿ ಬಿಡೋಕೆ ಆಗಲ್ಲ. ಅದರ ಮುಂದೆ ಸ್ಲೆಡ್ ಅನ್ನೋ ಇಳಿಜಾರಾದ ಜಾರುವ ತುಂಡು ಪಿನ್‌ಗಳನ್ನು ಸಾಲಾಗಿ ಮೇಲೆತ್ತುತ್ತದೆ. ಪಿನ್ನಿನ ಕಾಲುಗಳು ಮೇಲ್ದವಡೆಯ ಗುಳಿಗೆ ತಾಗಿ ಇಂಗ್ಲಿಷ್ ಬಿ ಅಕ್ಷರದ ಹಾಗೆ ಮಡಚಿಕೊಳ್ಳುತ್ತವೆ. ಎರಡೂ ಕಡೆ ಮೂರು ಮೂರು ಸಾಲು ಪಿನ್ ಕೂತ ಮೇಲೆ, ನಡುವೆ ಚಾಕು ಕತ್ತರಿಸುತ್ತದೆ. ಪಿನ್ ತುಂಬಿದ ನೀಲಿ ಕಾರ್ಟ್ರಿಜ್‌ನಲ್ಲಿ ಮಡಚಿದ ಪಿನ್ನಿನ ಎತ್ತರ ಸುಮಾರು 1.5 ಮಿ.ಮೀ. ಜಠರದ ಗೋಡೆ ದಪ್ಪಗಿದ್ದು ದವಡೆ ಚೂರು ಅಗಲಿಸಿತು ಅಂದ್ರೆ ಕಾಲುಗಳು ಸರಿಯಾಗಿ ಮಡಚಲ್ಲ, ಹೊಲಿಗೆ ಸೋರುತ್ತದೆ.

ಮೋಟಾರ್ ತಂದ ಹೊಸ ತಲೆನೋವೂ ಇದೆ. ಅಂಗಾಂಶ ದಪ್ಪಗಿದ್ದು ಒತ್ತೋದು ಗಟ್ಟಿಯಾದಾಗ ಕೈಗೆ ಗೊತ್ತಾಗುತ್ತದೆ, ಮೋಟಾರ್‌ಗೆ ಅದನ್ನು ನಾವೇ ಹೇಳಿಕೊಡಬೇಕು. ಲೋಡ್ ಜಾಸ್ತಿಯಾದರೆ ಕರೆಂಟ್ ಏರುತ್ತದಲ್ವಾ, ಅದನ್ನು ಅಳೆದು ವೇಗ ತಗ್ಗಿಸುವ ಮಾಡೆಲ್‌ಗಳಿವೆ. ಖಾಲಿ ಕಾರ್ಟ್ರಿಜ್ ಹಾಕಿದರೆ ಚಾಕು ಮುಂದೆ ಹೋಗದಂತೆ ತಡೆಯುವ ಲಾಕೂ ಇರುತ್ತದೆ: ಸ್ಲೆಡ್ ತನ್ನ ಜಾಗದಲ್ಲಿ ಇಲ್ಲದಿದ್ದರೆ ಚಾಕು ಕೆಳಗಿಳಿದು ತಡೆಗೆ ಸಿಕ್ಕಿಕೊಳ್ಳುತ್ತದೆ. ಆ ತಡೆ ಮೋಟಾರಿನ ಪೂರ್ತಿ ಬಲ ತಡೆದುಕೊಳ್ಳಬೇಕು, ಇಲ್ಲಾ ಅಷ್ಟರೊಳಗೆ ಕರೆಂಟ್ ಕಡಿತ ಆಗಬೇಕು.

ಬೆಲೆ ನ್ಯಾಯವೋ ಅಲ್ಲವೋ ಅನ್ನೋದು ಬೇರೆ ಜಗಳ. ಯಾವುದೇ ಮಾಡೆಲ್ ಕೈಗೆ ಬಂದರೂ ನಾನು ಮೊದಲು ಹುಡುಕೋದು, ಅರ್ಧದಲ್ಲಿ ಬ್ಯಾಟರಿ ಸತ್ತರೆ ಚಾಕುವನ್ನು ಕೈಯಿಂದ ಹಿಂದಕ್ಕೆ ಎಳೆಯುವ ಲಿವರ್ ಎಲ್ಲಿದೆ ಅಂತ.